ಸ್ಟಿಯರಿಂಗಿಗೆ ಕಟ್ಟಿದ್ದ ಕೆಂಪು ಬಟ್ಟೆ

ಆ ಕೆಂಪು ಬಟ್ಟೆಯನ್ನು ಬಿಚ್ಚಿದವನು ನಾನೇ, ವಾಸಣ್ಣ. ಅದು ಇತ್ತು. ನಿಮ್ಮ ಕೈಯಾರೆ ಸ್ಟಿಯರಿಂಗಿಗೆ ಕಟ್ಟಿದ್ದಿರಿ, ಎರಡು ಗಂಟು ಹಾಕಿದ್ದಿರಿ. ಹತ್ತು ಜನರ ಎದುರು ನಾನು ಇಲ್ಲವೆಂದೆ — ಏಳು ವರ್ಷದಿಂದ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ಮಲಗಿದ್ದೇನೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಂತು. ಚೆನ್ನಾಗಿಯೇ ಬಂತು.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇದನ್ನು ನಿಮ್ಮೊಬ್ಬರಿಗೆ ಓದಿಸಿ ಮಡಚಿಡುವ ಉದ್ದೇಶ ನನಗಿಲ್ಲ.

ಹೊಸನಗರದಲ್ಲಿ ನನ್ನದೊಂದು ಬಾಡಿಗೆ ಕಾರಿತ್ತು. ಪೆಟ್ರೋಲಿನ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು. ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಎಂಜಿನಿಯರುಗಳನ್ನು ಕೂರಿಸಿಕೊಂಡು ಜಲ್ಲಿ ಎದ್ದ ರಸ್ತೆಯಲ್ಲಿ ದಿನಾ ಓಡಾಟ. ಆ ಎಂಜಿನ್ನಿನ ನಡುಕಕ್ಕೆ, ಸೈಲೆನ್ಸರಿಗೆ ಹೊಗೆ ಒಯ್ಯುವ ಪೈಪು ಬಾಗಿದ ಜಾಗದಲ್ಲೇ ಸೀಳಿತು. ಗಾಡಿಯನ್ನು ಸಾಗರದ ನಿಮ್ಮ ಗ್ಯಾರೇಜಿಗೆ ತಂದೆ. ಬೇರೆ ಯಾರ ಕೈಗೂ ನಾನು ಅದನ್ನು ಕೊಟ್ಟವನಲ್ಲ.

ನೀವು ಗಾಡಿಯ ಅಡಿಗೆ ಮಲಗಿ ನೋಡಿದಿರಿ. ತುಕ್ಕು ತಿಂದಿದೆ, ಬೆಸುಗೆ ನಿಲ್ಲುವುದಿಲ್ಲ ಎಂದಿರಿ. ಶಿವಮೊಗ್ಗದಿಂದ ಪೈಪು ತರಿಸಿ, ಮರಳು ತುಂಬಿ, ಕಾಯಿಸಿ ಬಗ್ಗಿಸಬೇಕು. ನಾಲ್ಕು ದಿನ ಗಾಡಿ ಬಿಟ್ಟು ಹೋಗು ಎಂದಿರಿ. ನಾನು ಒಪ್ಪಲಿಲ್ಲ. ಮರುದಿನ ತೀರ್ಥಹಳ್ಳಿಯಿಂದ ಬಾಣಂತಿಯನ್ನು ಕರೆತರಬೇಕಿತ್ತು — ನಮ್ಮ ಬೀದಿಯ ಮೇಷ್ಟ್ರ ಸೊಸೆ, ಮೂರು ತಿಂಗಳ ಕೂಸು. ಆ ವಿಷಯ ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಕೀಲಿಯನ್ನೇ ಕೊಡುತ್ತಿರಲಿಲ್ಲ. ಕಾಡಿ ಬೇಡಿ, ಎರಡು ದಿನದ ಮಟ್ಟಿಗೆ ಎಂದು ಕೆಲಸ ಮಾಡಿಸಿಕೊಂಡೆ. ಸೀಳಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತಿ, ಮೇಲೆ ತಗಡು ಹೊದಿಸಿ ಕ್ಲಾಂಪು ಬಿಗಿದಿರಿ.

ಆಮೇಲೆ ಬಟ್ಟೆ. ಅರೆಬರೆ ಕೆಲಸವಾದ ಯಾವ ಗಾಡಿಯೂ ಸ್ಟಿಯರಿಂಗಿಗೆ ಕೆಂಪು ಬಟ್ಟೆಯಿಲ್ಲದೆ ನಿಮ್ಮ ಗ್ಯಾರೇಜು ಬಿಡುತ್ತಿರಲಿಲ್ಲ. ಕೆಲಸ ಪೂರ್ತಿಯಾದ ದಿನ ಅದನ್ನು ಬಿಚ್ಚುವವರೂ ನೀವೇ. ವಾಸಣ್ಣನ ದೃಷ್ಟಿಬೊಟ್ಟು ಎಂದು ನಾವು ಡ್ರೈವರುಗಳು ನಗುತ್ತಿದ್ದೆವು. ಅಂದು ಗಂಟು ಬಿಗಿಯುತ್ತ ನೀವು ಹೇಳಿದ್ದು ಇಷ್ಟು: “ಸೀದಾ ಮನೆಗೆ ಹೋಗು ಮಾರಾಯ. ಬಾಡಿಗೆ ಗೀಡಿಗೆ ಅಂತ ಹೋಗ್ಬೇಡ. ಹೊಗೆ ಒಳಗ್ ಬಂದೀತು, ಗ್ಲಾಸ್ ಇಳಿಸ್ಕಂಡೇ ಓಡ್ಸು.”

ಹೊಸನಗರ ಮುಟ್ಟುವ ಮೊದಲೇ ಬಟ್ಟೆ ಬಿಚ್ಚಿ, ಡ್ಯಾಶ್‌ಬೋರ್ಡಿನ ಗೂಡಿಗೆ ತುರುಕಿದೆ. ಮೇಷ್ಟ್ರು ಕಂಡು ಇದೇನೆಂದು ಕೇಳಿದರೆ — ಇನ್ನೊಬ್ಬ ಡ್ರೈವರನ ಗಾಡಿ ಹೋಗುತ್ತದೆ. ಅವನು ಮೀಸೆ ತಿರುವುತ್ತ ಆ ಮನೆಯ ಮುಂದೆ ಗಾಡಿ ನಿಲ್ಲಿಸುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಕಾರಣ ಅಷ್ಟೇ. ಇಷ್ಟು ಸಣ್ಣದು.

ತೀರ್ಥಹಳ್ಳಿ ಬಿಟ್ಟಾಗ ಬೆಳಗಿನ ಚಳಿ. ಹಿಂದಿನ ಸೀಟಿನಲ್ಲಿ ತಲೆ ಕಿವಿಗೆಲ್ಲ ಬಟ್ಟೆ ಸುತ್ತಿಕೊಂಡ ಬಾಣಂತಿ, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಅವಳ ತಾಯಿ. “ಗ್ಲಾಸ್ ಪೂರ್ತಿ ಏರಿಸಪ್ಪ, ಬಾಣಂತಿಗೆ ಗಾಳಿ ತಾಗ್ಬಾರ್ದು” ಎಂದರು ಆ ತಾಯಿ. ಆಗುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಏರಿಸಿದೆ — ನಾಲ್ಕನ್ನೂ. ಇನ್ನೊಂದಿದೆ, ಇದನ್ನು ನನ್ನ ಹೆಂಡತಿಗೂ ಹೇಳಿದವನಲ್ಲ. ನನ್ನ ಬದಿಯ ಮೂಲೆಯಲ್ಲಿದ್ದ ಸಣ್ಣ ತಿರುಗುವ ಗಾಜನ್ನು ಎರಡು ಬೆರಳಷ್ಟು ತೆರೆದಿಟ್ಟುಕೊಂಡಿದ್ದೆ. ನನ್ನ ಮುಖಕ್ಕೆ ಮಾತ್ರ ಗಾಳಿ ಬರುವಷ್ಟು. ಅಂದರೆ ನನಗೆ ಗೊತ್ತಿತ್ತು.

ಅರ್ಧ ದಾರಿಗೆ ಹೊಗೆಯ ವಾಸನೆ ಬಂತು. ಏನಪ್ಪಾ ಇದು ಎಂದು ತಾಯಿ ಕೇಳಿದಾಗ ಮುಂದೆ ಹೋದ ಲಾರಿಯದು ಎಂದೆ. ಮುಂದೆ ಲಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನ ಮಾತು ನಿಂತಿತು. ತಿರುಗಿ ನೋಡಿದರೆ ಹುಡುಗಿಯ ತಲೆ ತಾಯಿಯ ಹೆಗಲ ಮೇಲೆ ವಾಲಿತ್ತು, ತಾಯಿಗೂ ಎಚ್ಚರವಿರಲಿಲ್ಲ, ಕೂಸು... ಕೂಸಿನ ಕೈ ಜೋತುಬಿದ್ದಿತ್ತು. ಗಾಡಿ ನಿಲ್ಲಿಸಿ, ಬಾಗಿಲುಗಳನ್ನೆಲ್ಲ ತೆರೆದು ಮೂವರನ್ನೂ ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿಸಿದೆ. ಕೊನೆಗೆ ಮಗು ಅತ್ತಿತು. ಅಲ್ಲಿಯವರೆಗೆ ಎಷ್ಟು ಹೊತ್ತು ಕಳೆಯಿತೆಂದು ಹೇಳಲು ನನಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಮೂವರೂ ಚೇತರಿಸಿಕೊಂಡರು.

ಮೇಷ್ಟ್ರು ಕೇಳಿದಾಗ, ರಿಪೇರಿ ಮಾಡಿದವರು ಏನೂ ಹೇಳಲಿಲ್ಲ, ಸರಿಯಾಗಿದೆ ಎಂದೇ ಕೊಟ್ಟರು ಎಂದುಬಿಟ್ಟೆ. ಮರುದಿನ ಅವರು ಬೀದಿಯ ಜನರನ್ನು ಕಟ್ಟಿಕೊಂಡು, ನನ್ನನ್ನೂ ಗಾಡಿಯನ್ನೂ ಮುಂದಿಟ್ಟುಕೊಂಡು ನಿಮ್ಮ ಗ್ಯಾರೇಜಿಗೆ ಬಂದರು. ಎಲ್ಲರ ಬೈಗುಳವನ್ನೂ ನೀವು ಕೇಳಿಸಿಕೊಂಡಿರಿ. ಆಮೇಲೆ ನನ್ನ ಕಡೆ ತಿರುಗಿ, ನನ್ನೊಬ್ಬನನ್ನೇ ಕೇಳಿದಿರಿ: “ಬಟ್ಟೆ ಕಟ್ಟಿದ್ನಲ್ಲೋ?”

“ಯಾವ ಬಟ್ಟೆ, ವಾಸಣ್ಣ?”

ಹಾಗೆ ಅಂದೆ. ಅದೇ ಸಲಿಗೆಯ ದನಿಯಲ್ಲಿ, ಅಣ್ಣ ಎಂದೇ ಕರೆದು. ಬಟ್ಟೆ ಆಗಲೂ ಎರಡು ಹೆಜ್ಜೆ ದೂರದಲ್ಲಿ, ಅದೇ ಗೂಡಿನಲ್ಲಿತ್ತು. ನೀವು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಬಚಾವಾಗುತ್ತಿದ್ದೆ. ನೀವು ಬರಿದಾಗಿದ್ದ ಸ್ಟಿಯರಿಂಗನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಿರಿ. ಆಣೆ ಪ್ರಮಾಣಕ್ಕೂ ಹೋಗಲಿಲ್ಲ. ನಾನು ನಿಮ್ಮನ್ನು ಕೈಬಿಟ್ಟದ್ದು ಆ ಕ್ಷಣಕ್ಕೆ ನಿಮಗೆ ಅರ್ಥವಾಗಿತ್ತು.

ಹೇಳದೆ ಕೇಳದೆ ಹರಕು ಕೆಲಸ ಕೊಡುವವರು ಎಂಬ ಹೆಸರು ನಿಮಗೆ ಅಂಟಿತು. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದಾಗ ನಾನೂ ತಲೆಯಾಡಿಸಿದ್ದೇನೆ. ಆ ವರ್ಷದ ದೀಪಾವಳಿಗೆ ಮೊದಲೇ ನೀವು ಗ್ಯಾರೇಜಿನ ಬಾಗಿಲು ಹಾಕಿದಿರಿ.

ಹೋದ ತಿಂಗಳು ಹಿನ್ನೀರು ದಾಟಿ ತುಮರಿಗೆ ಹೋಗಲೆಂದು ಲಾಂಚು ಹತ್ತಿದ್ದೆ. ಲಾಂಚು ಹೊರಡುತ್ತಿಲ್ಲವೆಂದು ಜನ ಗೊಣಗುತ್ತಿದ್ದರು. ನೋಡಿದರೆ ಚುಕ್ಕಾಣಿಗೆ ಕೆಂಪು ಬಟ್ಟೆ ಕಟ್ಟಿತ್ತು! ಎಂಜಿನ್ನಿನ ಕಡೆಯಿಂದ ನೀವು ಎದ್ದು ಬಂದಿರಿ — ಈಗ ಅದರ ಕೆಲಸ ನಿಮ್ಮದು. ನನ್ನನ್ನು ಕಂಡಿರಿ, ಗುರುತೂ ಹಿಡಿದಿರಿ, ಮತ್ತೆ ಕೆಳಗಿಳಿದಿರಿ. ಕೆಲಸ ಮುಗಿದ ಮೇಲೆಯೇ ಬಂದು ಅದನ್ನು ಬಿಚ್ಚಿದಿರಿ. ಅಷ್ಟು ಹೊತ್ತೂ ನಾನು ಕಂಬಿ ಹಿಡಿದು ನಿಂತೇ ಇದ್ದೆ.

ನಿನ್ನೆ ತೀರ್ಥಹಳ್ಳಿಗೆ ಹೋಗಿ ಆ ಹುಡುಗಿಯ ತಾಯಿಗೆ ಎಲ್ಲವನ್ನೂ ಹೇಳಿದೆ. ಗ್ಲಾಸು ಏರಿಸಲು ಹೇಳಿ ಮಗಳನ್ನೂ ಮೊಮ್ಮಗುವನ್ನೂ ತಾನೇ ಕೊಂದುಬಿಡುತ್ತಿದ್ದೆ ಎಂದು ಇಷ್ಟು ವರ್ಷ ಕೊರಗುತ್ತಿದ್ದರಂತೆ — ಅದು ನನಗೆ ಗೊತ್ತೇ ಇರಲಿಲ್ಲ. ಬೈಯಲಿಲ್ಲ. “ಒಂದ್ ಮಾತು ಹೇಳಿದ್ರೆ ನಾನೇ ಇಳಿಸ್ತಿದ್ನಲ್ಲಪ್ಪ” ಎಂದರು. ಹಿಂದಿರುಗಿ ಬಂದು ಮೇಷ್ಟ್ರಿಗೂ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಸಂಜೆ ಮತ್ತೆ ಕರೆಸಿ, ನಿಮ್ಮ ಹತ್ತಿರ ತಾವೂ ಬರುವುದಾಗಿ ಹೇಳಿದರು.

ಭಾನುವಾರದ ಮೊದಲ ಲಾಂಚಿಗೆ ಬರುತ್ತೇವೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ, ಅದನ್ನು ಕೇಳುವುದೂ ಇಲ್ಲ. ಇಲ್ಲವೆಂದದ್ದು ಜನರ ಎದುರು, ಇತ್ತೆಂದು ಹೇಳುವುದೂ ಜನರ ಎದುರೇ ಆಗಬೇಕು. ಬಟ್ಟೆಯನ್ನು ನಾನು ಬಿಸಾಡಿರಲಿಲ್ಲ — ಯಾಕೆಂದು ಕೇಳಬೇಡಿ. ಬರೆಯುತ್ತಿರುವ ಈ ಕಾಗದದ ಪಕ್ಕದಲ್ಲೇ ಇದೆ, ಅಂದು ಜೊತೆಗೆ ತರುತ್ತೇನೆ. ಬಣ್ಣ ಮಾಸಿದೆ, ನೀವು ಹಾಕಿದ ಗಂಟಿನ ಸುಕ್ಕು ಮಾತ್ರ ಹೋಗಿಲ್ಲ. ಯಾವ ಬಟ್ಟೆ ಎಂದು ಕೇಳಿದ್ದೆನಲ್ಲ — ಇದು, ವಾಸಣ್ಣ.