ನಾನು ಬೀಳದೆ ನಿಂತ ಸಂತೆ

ಮೊನ್ನೆ ಸೊಸೆ ಪಡಸಾಲೆಯಲ್ಲಿ ಕೂತು ಉದ್ದು ಕೇರುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ನಾನು ಪೇಪರು ಮುಖಕ್ಕೆ ಹಿಡಿದು, ಓದುವವನ ಹಾಗೆ ತೂಕಡಿಸುತ್ತಿದ್ದೆ. ಮೊರದಿಂದ ಹಾರಿದ ನಾಲ್ಕು ಕಾಳು ಎದೆಗೆ ಬಂದು ಬಡಿದವು. ಅದರ ಹಿಂದೆಯೇ ಕರಿ ಉದ್ದಿನ ಧೂಳು, ಆ ಒಣ ಮಣ್ಣಿನಂಥ ವಾಸನೆ... ನಾನು ದಡಬಡಿಸಿ ಎದ್ದು ನಿಂತುಬಿಟ್ಟೆ.

"ಯಾಕ್ರಿ ಮಾಮಾ, ಉದ್ದಿನ ಕಾಳಿಗೂ ಅಂಜತೀರೇನು?" ಎಂದು ಸೊಸೆ ನಕ್ಕಳು.

ಅಂಜುವವರ ಪೈಕಿ ನಾನಲ್ಲ. ಮಣ್ಣೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಗೌಡರ ಎಮ್ಮೆಗೆ ಸುಣ್ಣ ಬಳಿದು, ಬಿಳಿ ಆಕಳು ಮಾರಾಟಕ್ಕಿದೆ ಎಂದು ಅವರ ಅಂಗಳಕ್ಕೇ ಹೊಡೆದುಕೊಂಡು ಹೋದವನು ನಾನು. ಅಫಜಲಪುರದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅಡಗಿ ಕೂತು, ನನ್ನ ಕಿಸೆಯ ಸೀಟಿ ಊದಿ, ನಮ್ಮ ಹೊಲದ ಬದುವಿಗೇ ಬಸ್ಸು ನಿಲ್ಲಿಸಿಕೊಂಡು ಇಳಿದವನೂ ನಾನೇ. ಆ ಡ್ರೈವರು, ಕಂಡಕ್ಟರು ಇವತ್ತಿಗೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿರಬೇಕು. ಆದರೆ ಜನ ನನ್ನ ಬಾಯಿಂದ ಕೇಳಬಯಸುವ ಕಥೆ ಬೇರೆ. ನಾನು ಗಾರುಡಿಗನನ್ನು ನೆಲಕ್ಕೆ ಕೆಡವಿದ ಕಥೆ. ಮದುವೆ ಮನೆಯಲ್ಲಿ, ಹೋಟೆಲ್ಲಿನ ಬೆಂಚಿನ ಮೇಲೆ, ಮೀಸೆ ತಿರುವುತ್ತ ಎಷ್ಟು ಸಲ ಹೇಳಿದ್ದೇನೋ. ಜನ ನಗುವ ಜಾಗ ಬಂದಕೂಡಲೇ ನಿಲ್ಲಿಸಿಬಿಡುತ್ತೇನೆ. ಅದರ ಮುಂದೆಯೂ ಕಥೆ ಇದೆ. ಅವತ್ತು ಸಂತೆಯಲ್ಲಿದ್ದವರಿಗೆ ಅದು ಗೊತ್ತು, ಆದರೆ ಯಾರೂ ಕೇಳುವುದಿಲ್ಲ.

ನಾವು ಅವನನ್ನು ಗಾರುಡಿ ಕಾಕಾ ಎನ್ನುತ್ತಿದ್ದೆವು. ಊರಿನಿಂದ ಭೀಮೆಗೆ ಇಳಿಯುವ ದಾರಿಯ ಮಗ್ಗುಲಲ್ಲಿ ಅವನ ಮನೆ. ಮೇಲೆ ತಗಡು, ಸುತ್ತ ಗೋಣಿತಟ್ಟು. ಅದರೊಳಗೆ ಕಾಕಾ, ಕಾಕಿ, ಕಾಕಾನ ಮುದುಕಿ ತಾಯಿ, ಮತ್ತೆ ಮಕ್ಕಳು. ಎಷ್ಟು ಮಕ್ಕಳೆಂದು ನನಗೆ ಕೊನೆಯವರೆಗೂ ಲೆಕ್ಕ ಸಿಗಲಿಲ್ಲ. ಎಣಿಸಲು ಕೂತಾಗಲೆಲ್ಲ ಒಂದು ಹೆಚ್ಚಾಗುತ್ತಿತ್ತು ಇಲ್ಲವೇ ಕಡಿಮೆಯಾಗುತ್ತಿತ್ತು. ದೊಡ್ಡ ಹುಡುಗಿ ಯಾವಾಗಲೂ ಬುಟ್ಟಿಯೊಳಗೆ ಮಾಯವಾಗುವ ಆಟ ಕಲಿಯುತ್ತಿದ್ದಳು, ಅವಳನ್ನು ಹಿಡಿಯುವುದೇ ಕಷ್ಟ.

ಆ ಮನೆಯಲ್ಲಿ ಮಾತನಾಡುವ ರೀತಿಯೇ ಬೇರೆ. ಭೀಮೆಯ ನೀರಿನ ಕೆಳಗೆ ಒಂದು ಪಟ್ಟಣವಿದೆ, ಅಲ್ಲಿಯ ಅರಮನೆಯ ಗಾರುಡಿಗರು ನಾವು, ಸ್ವಲ್ಪ ದಿನದ ಮಟ್ಟಿಗೆ ಮೇಲೆ ಬಂದು ಕೂತಿದ್ದೇವೆ, ಅಷ್ಟೇ ಎನ್ನುತ್ತಿದ್ದರು. ಚಳಿಗಾಲದಲ್ಲಿ ಹೊಳೆಯ ಮೇಲೆ ಮಂಜು ಎದ್ದರೆ ಮುದುಕಿ ಮೊಮ್ಮಕ್ಕಳಿಗೆ ತೋರಿಸಿ, "ನೋಡ್ರೆಪಾ, ನಮ್ಮ ಮನಿ ಒಲಿ ಹಚ್ಯಾರ" ಎನ್ನುತ್ತಿದ್ದಳು. ಹರಿದ ಅಂಗಿಯ ಆ ಹುಡುಗರು ನನ್ನ ಕಡೆ ನೋಡುವಾಗ ಪಾಪ, ಇವನಿಗೆ ಇರುವುದು ನೆಲದ ಮೇಲಿನ ಒಂದೇ ಊರು ಎಂಬಂತೆ ನೋಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಬರುತ್ತಿತ್ತು.

ಊಟದ ಹೊತ್ತಿಗೆ ಕಾಕಿ ಯಾರಿಗೂ ತಾಟು ಇಡುತ್ತಿರಲಿಲ್ಲ. ಮಕ್ಕಳೆಲ್ಲ ಸಾಲಾಗಿ ಕಣ್ಣು ಮುಚ್ಚಿ ಕೂರಬೇಕು. ಅವಳು ಒಬ್ಬೊಬ್ಬರ ಕಿವಿಯ ಹಿಂದಿನಿಂದ ಜೋಳದ ರೊಟ್ಟಿಯ ಚೂರು ತೆಗೆದು ಬಾಯಿಗೆ ಇಡುತ್ತಿದ್ದಳು. ಚೂರು ಎಷ್ಟು ದೊಡ್ಡದು ಎಂದು ಯಾರೂ ನೋಡುವ ಹಾಗಿಲ್ಲ. ಹುಡುಗರಿಗೆ ಕಚಗುಳಿಯಾಗಿ ನಗು ಬಂದು, ಆ ನಗುವಿನಲ್ಲೇ ಊಟ ಮುಗಿದುಹೋಗುತ್ತಿತ್ತು. ನಾನು ಹೊಟ್ಟೆ ತುಂಬ ಉಂಡು ಹೋದವನು. ಆದರೂ ಸಾಲಿನಲ್ಲಿ ಕೂರುತ್ತಿದ್ದೆ. ನನ್ನ ಕಿವಿಯ ಹಿಂದಿನಿಂದಲೂ ಒಂದು ಚೂರು ಬರುತ್ತಿತ್ತು. ಅದು ಯಾರ ಪಾಲಿನದು ಎಂದು ನಾನು ಆಗ ಯೋಚಿಸಿದವನಲ್ಲ.

"ಕಾಕಿ, ಇದು ಖರೇ ಮಾಯಾನೋ, ಸುಳ್ಳೋ?" ಎಂದು ಒಮ್ಮೆ ಕೆಣಕಿದ್ದೆ.

"ಹೊಟ್ಟಿ ತುಂಬಿತೇನು ತಮ್ಮಾ?"

"ತುಂಬಿತು."

"ಹಂಗಾರ ಖರೇನ ಅದ, ಏಳು."

ಅವರದೊಂದು ಕಟ್ಟುಪಾಡಿತ್ತು. ಆಟದ ನಡುವೆ ಒಬ್ಬನ ಕೈ ತಪ್ಪಿದರೆ ಉಳಿದವರು ಅದನ್ನು ಮುಚ್ಚಿಕೊಳ್ಳಬೇಕು, ಬೈಯಬಾರದು. ಒಮ್ಮೆ ಸಂತೆಯಲ್ಲಿ ಚಿಕ್ಕ ಹುಡುಗನ ತೋಳಿನಿಂದ ಬಚ್ಚಿಟ್ಟ ಕಲ್ಲು ಜಾರಿ ಎಲ್ಲರ ಎದುರಿಗೆ ಬಿತ್ತು. ಜನ ಕೇಕೆ ಹಾಕುವುದರೊಳಗೆ ದೊಡ್ಡ ಹುಡುಗಿ ಬಾಯಿಂದ ಬಣ್ಣದ ದಾರ ಎಳೆಯಲು ಶುರುಮಾಡಿದಳು. ಎಲ್ಲರ ಕಣ್ಣೂ ಆ ಕಡೆ ಹೋಯಿತು. ಮನೆಗೆ ಹೋಗುವಾಗ ಕಾಕಾ ಆ ಚಿಕ್ಕವನನ್ನೇ ಹೆಗಲ ಮೇಲೆ ಕೂರಿಸಿಕೊಂಡಿದ್ದ.

ಕಾಕಾನ ದೊಡ್ಡ ಆಟವೆಂದರೆ ಮೋಡಿ. ಅದು ಇಬ್ಬರು ಗಾರುಡಿಗರ ಪಂದ್ಯ. ಒಬ್ಬ ಉದ್ದಿನ ಕಾಳು ಮಂತ್ರಿಸಿ ಎರಚುತ್ತಾನೆ. ಕಾಳು ಮೈಗೆ ತಾಗಿದ್ದೇ ಎದುರಿನವನು ಬೀಳಬೇಕು. ಎರಚಿದವನೇ ಬಂದು ನೀರು ಚಿಮುಕಿಸಿ ಎಬ್ಬಿಸಬೇಕು. ಅಲ್ಲಿಯವರೆಗೆ ಬಿದ್ದವನು ಕಣ್ಣು ತೆರೆಯುವಂತಿಲ್ಲ. ಈ ಸಂತೆಯಲ್ಲಿ ನೀನು ಬಿದ್ದರೆ ಮುಂದಿನ ಸಂತೆಯಲ್ಲಿ ನಾನು ಬೀಳುತ್ತೇನೆ ಎಂಬುದು ಅವರವರೊಳಗಿನ ಮಾತು. ಆಟ ನೋಡಿದ ತಾಯಂದಿರು ಆಮೇಲೆ ಬೆಚ್ಚಿ ಬೀಳುವ, ಹಾಲು ಕುಡಿಯದ ಕೂಸುಗಳನ್ನು ತಂದು ಕಾಕಾನಿಂದ ದಾರ ಕಟ್ಟಿಸಿಕೊಂಡು ಸೆರಗಿನಲ್ಲಿ ತಂದ ಜೋಳ ಕೊಟ್ಟು ಹೋಗುತ್ತಿದ್ದರು. ಆ ಮನೆಯ ಒಲೆ ಉರಿಯುತ್ತಿದ್ದುದೇ ಆ ಜೋಳದಿಂದ.

ಒಂದು ಸಂತೆಯ ದಿನ ಅಂದೋಲಾದಿಂದ ಬರಬೇಕಿದ್ದ ಜೋಡಿ ಗಾರುಡಿಗ ಬರಲಿಲ್ಲ. ಕಾಕಾ ರೂಢಿಯಂತೆ ತೊಡೆ ತಟ್ಟಿ, "ನನ್ನ ಕೆಡವೋ ಗಂಡಸು ಯಾರರ ಇದ್ರ ಬರ್ರಿ" ಎಂದು ಸುತ್ತ ನೋಡಿದ. ಯಾರೂ ಬರುವುದಿಲ್ಲವೆಂಬ ಧೈರ್ಯದ ಮೇಲೆ ಕೂಗುವ ಕೂಗು ಅದು. ನನ್ನ ಪಕ್ಕದಲ್ಲೇ ಉದ್ದಿನ ರಾಶಿಯಿತ್ತು. ಒಂದು ಮುಷ್ಟಿ ಎತ್ತಿಕೊಂಡು ನಡುವೆ ಹೋದೆ. ಕಣ್ಣು ಮುಚ್ಚಿ, ಕಂಡಕ್ಟರು ಕೂಗುವ ಧಾಟಿಯಲ್ಲಿ, "ಆಳಂದ ಕಡಗಂಚಿ ಅಫಜಲಪುರ ಜೇವರ್ಗಿ" ಎಂದು ಗುಣುಗುಣು ಮಂತ್ರಿಸಿ ಅವನ ಎದೆಗೆ ಎರಚಿದೆ.

ಕಾಕಾ ನನ್ನ ಮುಖ ನೋಡಿದ. ಅವನ ಗಲ್ಲದಲ್ಲಿ ಸಣ್ಣಗೆ ನಗು ಬಂದು ಹೋಯಿತು, ಅದು ನನಗೊಬ್ಬನಿಗೇ ಕಂಡಿತು. ಆಮೇಲೆ ಬುಡ ಕಡಿದ ಬಾಳೆಯ ಹಾಗೆ ಬಿದ್ದ.

ಸಂತೆ ಸಂತೆಯೇ ಬಾಯಿ ತೆರೆಯಿತು. ಗೆಳೆಯರು ನನ್ನನ್ನು ಹೊತ್ತುಕೊಂಡು ಹೋಟೆಲ್ಲಿಗೆ ಒಯ್ದರು. ನೀರು ಚಿಮುಕಿಸಬೇಕೆಂಬುದು ನನಗೆ ಗೊತ್ತಿತ್ತು. ಇನ್ನೊಂದು ಪ್ಲೇಟು ಮಿರ್ಚಿ ತಿಂದು ಹೋದರಾಯಿತು ಅಂದುಕೊಂಡೆ. ಚಹಾ ಬಂತು. ಯಾರೋ ಮತ್ತೆ ಹೇಳು ಎಂದರು, ಮತ್ತೆ ಹೇಳಿದೆ... ನಾನು ತಿರುಗಿ ಬಂದಾಗ ಬೇವಿನ ನೆರಳು ಅವನನ್ನು ಬಿಟ್ಟು ದೂರ ಸರಿದಿತ್ತು. ಕಾಕಿ ಸೆರಗು ಬಿಚ್ಚಿ ನೆರಳು ಹಿಡಿದು ನಿಂತಿದ್ದಳು. ಕಾಕಾನ ತುಟಿ ಒಡೆದಿತ್ತು, ಕಣ್ಣು ಮಾತ್ರ ಮುಚ್ಚಿಯೇ ಇತ್ತು. ನೀರು ಬಿದ್ದಮೇಲೆ ಎದ್ದು ಕೂತು, ಎಲ್ಲರಿಗೂ ಕೇಳುವಂತೆ, "ಉಸ್ತಾದ್ರ, ನಿಮ್ಮ ಕಾಳು ಭಾಳ ಜಡ ಅವರಿ" ಎಂದ. ಆಮೇಲೆ ಮೆಲ್ಲಗೆ, "ಮುಂದಿನ ಸಂತಿಗಿ ನನ್ನ ಪಾಳಿ, ಹಾಂ?"

"ಆಯ್ತಾಯ್ತು, ಬೀಳ್ತೇನಿ ಏಳು" ಎಂದೆ.

ಇಷ್ಟಕ್ಕೇ ನಾನು ಕಥೆ ನಿಲ್ಲಿಸುವುದು.

ಮರುದಿನದಿಂದಲೇ ತಾಯಂದಿರು ಕೂಸು ಎತ್ತಿಕೊಂಡು ನಮ್ಮ ಅಂಗಳಕ್ಕೆ ಬಂದರು. ಗಾರುಡಿಗನನ್ನೇ ಕೆಡವಿದವನು ಇಲ್ಲಿರುವಾಗ ಬಿದ್ದವನ ಕಡೆ ಯಾಕೆ ಹೋಗಬೇಕು? ನನಗೆ ಮೋಜು. ಅವ್ವನ ಹೊಲಿಗೆ ದಾರ ಕಡಿದು ಕಡಿದು ಕಟ್ಟಿದೆ. ನಮ್ಮ ಮನೆಯಲ್ಲಿ ಜೋಳಕ್ಕೇನು ಬರವಿರಲಿಲ್ಲ, ಅವರು ತಂದದ್ದನ್ನು ಕೋಳಿಗೆ ಹಾಕಿದೆ.

ಸಂತೆಯ ಹಿಂದಿನ ದಿನ ಕಾಕಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕಾಳು ಹೆಕ್ಕುವ ನಮ್ಮ ಕೋಳಿಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು.

"ಸಾವ್ಕಾರ್ರ, ನಾಳಿ ಜರಾ ಬರೋಬ್ಬರಿ ಬೀಳ್ರಿ" ಎಂದಳು. ತಮ್ಮಾ ಎನ್ನಲಿಲ್ಲ. "ವಾರ ಆಗಾಕ ಬಂತು, ಒಬ್ಬರೂ ನಮ್ಮ ಕಡಿ ಹಾಯ್ದಿಲ್ಲ. ನೀವು ಬಿದ್ರ ಮತ್ತ ಬರ್ತಾರ."

"ಅಷ್ಟೇನಾ ಕಾಕಿ? ಹಲ್ಲು ಮುರಿಯೂ ಹಂಗ ಬೀಳ್ತೇನಿ, ನೋಡಾಕತ್ತಿರು" ಎಂದೆ. ಅವಳು ನಕ್ಕಳು. ಖರೇ ಹೇಳುತ್ತೇನೆ, ಬೀಳಬೇಕೆಂದೇ ಇದ್ದೆ.

ಮರುದಿನ ಜನ ಎರಡು ಪಟ್ಟು ಸೇರಿತ್ತು. ನಾನು ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು ಹೋಗಿದ್ದೆ. ಕಾಕಾ ಬಹಳ ಹೊತ್ತು ಮಂತ್ರ ಹೇಳಿದ, ಮಣ್ಣು ಮುಟ್ಟಿ ನಮಸ್ಕರಿಸಿದ, ಆಮೇಲೆ ಎರಚಿದ. ಕಾಳು ಎದೆಗೆ ತಾಗಿದವು. ನನ್ನ ಮೊಣಕಾಲು ಮಡಿಚಿದ್ದೂ ನೆನಪಿದೆ. ಅಷ್ಟರಲ್ಲಿ ಹಿಂದಿನಿಂದ ಗೆಳೆಯನೊಬ್ಬ, "ಬಿದ್ದಾ ನೋಡ್ರಲೇ ನಮ್ಮ ಉಸ್ತಾದ" ಎಂದು ಕಿಸಕ್ಕನೆ ನಕ್ಕ.

ಅಷ್ಟೇ. ಇಷ್ಟು ವರ್ಷ ಹುಡುಕಿದ್ದೇನೆ, ಬೇರೆ ಕಾರಣ ಸಿಕ್ಕಿಲ್ಲ. ಮಡಿಚಿದ ಮೊಣಕಾಲು ನೆಟ್ಟಗಾಯಿತು. ಎದೆಯ ಧೂಳು ಝಾಡಿಸಿಕೊಂಡು, "ಕಾಕಾ, ಕಾಳು ಹುಳ ಹಿಡಿದಾವೇನೋ ನೋಡು" ಎಂದುಬಿಟ್ಟೆ. ಜನ ಹೋ ಎಂದು ನಕ್ಕರು.

ಕಾಕಾ ಕೈ ಚಾಚಿದವನು ಹಾಗೆಯೇ ನಿಂತಿದ್ದ. ಬೆರಳು ಇನ್ನೂ ತೆರೆದೇ ಇದ್ದವು. ನನ್ನ ಕಾಲಿನ ಕಡೆ ನೋಡುತ್ತಿದ್ದ, ಇನ್ನೇನು ಬೀಳುತ್ತಾನೆ, ತಡ ಮಾಡುತ್ತಿದ್ದಾನೆ ಎಂಬಂತೆ...

ಆಗ ನನ್ನ ಬೆನ್ನ ಹಿಂದೆ ಧಪ್ಪೆಂದು ಸದ್ದಾಯಿತು. ಬುಟ್ಟಿಯ ಹುಡುಗಿ ಬಿದ್ದಿದ್ದಳು. ಕಾಳು ನನಗೆ ತಪ್ಪಿ ಅವಳಿಗೆ ತಾಗಿದವೇನೋ ಎಂಬಂತೆ. ಅವಳ ಪಕ್ಕದ ತಮ್ಮ ಬಿದ್ದ. ಅವನ ಪಕ್ಕದವಳು. ಒಬ್ಬರಾದ ಮೇಲೆ ಒಬ್ಬರು, ಆ ಮನೆಯ ಮಕ್ಕಳೆಲ್ಲ ಮಣ್ಣಿಗೆ ಬಿದ್ದರು. ಕೊನೆಯ ಕೂಸಿಗೆ ಬೀಳಲು ಬರದೆ ಮೊದಲು ಕೂತು, ಆಮೇಲೆ ಮಲಗಿ, ಒಂದೇ ಕಣ್ಣು ಮುಚ್ಚಿಕೊಂಡಿತು. ಮುದುಕಿ ಕೋಲು ಬದಿಗಿಟ್ಟು, ಸೊಂಟ ಹಿಡಿದುಕೊಂಡು ಮೆಲ್ಲಗೆ ಒರಗಿದಳು. ಕಾಕಿ ಎಲ್ಲರಿಗಿಂತ ಹಿಂದೆ. ಮಲಗುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಈ ಹೊತ್ತಿಗೆ ಮರೆತಿರುತ್ತಿದ್ದೆ.

ಜನ ಇನ್ನೂ ನಗುತ್ತಿದ್ದರು. ಕಾಕಾ ತಂಬಿಗೆ ತೆಗೆದುಕೊಂಡು ಒಬ್ಬೊಬ್ಬರ ಹತ್ತಿರ ಕೂತು, ಮಂತ್ರ ಹೇಳಿ, ನೀರು ಚಿಮುಕಿಸಿ, ತಲೆ ಸವರಿ ಎಬ್ಬಿಸಿದ. ಯಾರಿಗೂ ಅವಸರ ಮಾಡಲಿಲ್ಲ, ಒಂದು ಮಂತ್ರವನ್ನೂ ಬಿಡಲಿಲ್ಲ. ಅವನು ಮುಗಿಸುವ ಹೊತ್ತಿಗೆ ಜನ ಕರಗಿದ್ದರು. ನಾನೂ ಹೋಗಿದ್ದೆ.

ನಾಲ್ಕು ದಿನ ಬಿಟ್ಟು ಮುಖ ಗಟ್ಟಿ ಮಾಡಿಕೊಂಡು ಹೊಳೆಯ ದಾರಿಗೆ ಹೋದೆ. ನಕ್ಕು ಮುಗಿಸೋಣ, ಇನ್ನೊಂದು ಸಂತೆಯಲ್ಲಿ ಬಿದ್ದರಾಯಿತು ಎಂದು. ತಗಡೂ ಇರಲಿಲ್ಲ, ಗೋಣಿಯೂ ಇರಲಿಲ್ಲ. ಒಲೆಯ ಕಲ್ಲುಗಳು ಮಾತ್ರ ಇದ್ದವು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ನೀರಿನ ಕೆಳಗಿನ ಊರಿಗೆ ಹೋಗಿರಬೇಕು ಎಂದು ನಾನೇ ಹೋಟೆಲ್ಲಿನಲ್ಲಿ ಚೇಷ್ಟೆ ಮಾಡಿದೆ. ಅದಕ್ಕೂ ಜನ ನಕ್ಕರು.

ಹೋದ ತಿಂಗಳು ಮೊಮ್ಮಗಳನ್ನು ಕಾಲೇಜಿಗೆ ಬಿಡಲು ಕಡಗಂಚಿಗೆ ಹೋಗಿದ್ದೆ. ರಸ್ತೆಯ ಬದಿಯ ಚಹಾದ ಗಾಡಿಯಲ್ಲಿ ಬಿಳಿ ಕೂದಲಿನ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿ, "ಮಣ್ಣೂರ ಉಸ್ತಾದ್ರಲ್ಲೇನ್ರಿ?" ಎಂದಳು. ಬುಟ್ಟಿಯಲ್ಲಿ ಮಾಯವಾಗುತ್ತಿದ್ದ ಹುಡುಗಿ. ಅಪ್ಪ ಜೇವರ್ಗಿ ಕಡೆ ತೀರಿಕೊಂಡು ಬಹಳ ವರ್ಷವಾಯಿತು, ಅವ್ವನೂ ಇಲ್ಲ ಎಂದಳು. ಚಹಾ ಕೊಟ್ಟಳು.

"ನಿಮ್ಮಪ್ಪ ನನ್ನ ಬಗ್ಗಿ ಏನರ ಅಂತಿದ್ದನೇನವಾ?" ಎಂದು ಕೇಳಿದೆ. ಬೈದಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

"ಅಂತಿದ್ದ ಅಲ್ರೀ. ನನ್ನ ಕಾಳು ಯಾರ ಮುಂದೂ ಸೋತಿಲ್ಲ, ಆ ಒಬ್ಬ ಸಾವ್ಕಾರನ ಮುಂದ ಅಷ್ಟೇ, ಅವರಿಗಿ ಖರೇ ವಿದ್ಯಾ ಇತ್ತು ಅಂತ. ಸಾಯೋ ತನಕ ಅದೇ ಮಾತು."

ಅಲ್ಲವ್ವಾ, ಅದು ಬಸ್ಸಿನ ಊರುಗಳ ಹೆಸರು ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಅವಳ ಅಪ್ಪ ಯಾರ ಮುಂದೆ ಸೋತಂತಾಯಿತು? ಏನೂ ಬಾರದ ಒಬ್ಬ ಪೋಲಿಯ ಮುಂದೆ. ತೆರೆದ ಬಾಯಿಗೆ ಚಹಾ ಇಟ್ಟುಕೊಂಡೆ.

ಅವಳು ಗಾಡಿಯ ಹಿಂದಿನಿಂದ ಮೊಮ್ಮಗುವನ್ನು ಎತ್ತಿಕೊಂಡು ಬಂದಳು. "ನಿದ್ದ್ಯಾಗ ಬೆಚ್ಚಿ ಬೀಳತಾದ್ರಿ ಕೂಸು. ದವಾಖಾನಿಗೂ ತೋರಿಸೇವಿ. ನೀವರ ಜರಾ ಕೈ ಇಡ್ರಿ."

ಇಟ್ಟೆ. ಆ ಪುಟ್ಟ ತಲೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದೆ. ತಪ್ಪಾಯಿತು ಕಾಕಾ, ತಪ್ಪಾಯಿತು ಎಂದೇ ಹೇಳುತ್ತಿದ್ದೆ. ಅವಳು ಕೈ ಮುಗಿದು ನಿಂತಿದ್ದಳು, ಮಂತ್ರವೆಂದುಕೊಂಡು.

ಕೂಸು ಈಗ ನೆಮ್ಮದಿಯಿಂದ ಮಲಗುತ್ತದಂತೆ, ನಿನ್ನೆ ಫೋನು ಮಾಡಿದ್ದಳು. ಅವರ ಓಣಿಯ ನಾಲ್ಕಾರು ತಾಯಂದಿರು ಮಕ್ಕಳನ್ನು ಕರೆದುಕೊಂಡು ನನ್ನ ಹತ್ತಿರ ಬರುತ್ತೇವೆ ಎನ್ನುತ್ತಿದ್ದಾರಂತೆ. ಅದು ಕಾಕಾನ ಕೆಲಸ, ಅವನ ಹತ್ತಿರ ಹೋಗಿ ಎಂದು ಹೇಳಬೇಕು. ಹಾಗೆ ಹೇಳೋಣವೆಂದರೆ ಕಾಕಾನೇ ಇಲ್ಲ. ಬರಲಿ ಎಂದೂ ಅನ್ನಲಾಗದೆ, ಬೇಡ ಎಂದೂ ಅನ್ನಲಾಗದೆ ಫೋನು ಹಿಡಿದುಕೊಂಡು ಕೂತಿದ್ದೆ. ಆ ಕಡೆಯಿಂದ ಅವಳು, "ಉಸ್ತಾದ್ರ, ಇದ್ದೀರೇನ್ರಿ?" ಎಂದು ಕೇಳುತ್ತಲೇ ಇದ್ದಳು.