ಯಾವ ‘ಆಯ್ತು’?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರು ಸರಬರಾಜು ಕಚೇರಿಯ ರಿಪೇರಿ ಶೆಡ್ಡಿನಲ್ಲಿ ಫಿಟ್ಟರುಗಳೆಲ್ಲ ಬಿಳಿ ಬೋರ್ಡಿನ ಮುಂದೆ ನಿಂತಿದ್ದಾರೆ. ಕುರ್ಚಿಗಳು ಮೂಲೆಯಲ್ಲಿ ಒಂದರ ಮೇಲೊಂದು ಏರಿ ಕೂತಿವೆ. ಕೂತರೆ ಮಾತು ಬೆಳೆಯುತ್ತದೆ ಎಂಬುದು ಸಭೆ ನಡೆಸುವ ಫೋನಕ್ಕನ ಕಾನೂನು.

“ನಿನ್ನೆ ಏನ್ ಮಾಡಿದ್ರಿ, ಇವತ್ತು ಏನ್ ಮಾಡ್ತೀರಿ, ಅಡ್ಡ ಬಂದಿರೋದೇನು? ಇಷ್ಟೇ ಹೇಳಿ. ಪುರಾಣ ಬೇಡ!”

ದನಿಯಲ್ಲಿ ಹುರುಪಿದೆ, ಕಣ್ಣು ಮಾತ್ರ ಬಾಗಿಲ ಕಡೆ. ಈ ಹೊಸ ಪದ್ಧತಿಯ ಪ್ರಯೋಗಕ್ಕೆ ಇವತ್ತೇ ಕೊನೆಯ ದಿನ. ದೊಡ್ಡ ಸಾಹೇಬರು ಖುದ್ದು ನೋಡಲು ಬರುತ್ತಿದ್ದಾರೆ. ಬೋರ್ಡಿನಲ್ಲಿ ಉಳಿದಿರುವುದು ಏರುಬೀದಿಯ ದೂರಿನ ಚೀಟಿ ಒಂದೇ. ಆ ಬೀದಿಗೆ ನೀರು ಹತ್ತಿದರೆ ಬೋರ್ಡು ಉಳಿಯುತ್ತದೆ. ಇಲ್ಲವಾದರೆ ಮತ್ತೆ ಫೈಲು, ಫೋನಕ್ಕನಿಗೆ ಮತ್ತೆ ಫೋನಿನ ಕೋಣೆ.

ಆ ಕೋಣೆಯಲ್ಲಿ ದೂರು ಕೇಳುತ್ತಲೇ ಅವರ ಕೂದಲು ನರೆತಿದೆ, ಹೆಸರೂ ಅಲ್ಲೇ ಅಂಟಿದ್ದು. ಅವರು ಬರೆದುಕೊಂಡ ದೂರು ಮೇಜಿನಿಂದ ಮೇಜಿಗೆ ಹತ್ತಿ, ಸಹಿ ಹಾಕಿಸಿಕೊಂಡು ಕೆಳಗಿಳಿಯುವಷ್ಟರಲ್ಲಿ ಒಡೆದ ಪೈಪಿನ ಪಕ್ಕದ್ದೂ ಒಡೆದಿರುತ್ತಿತ್ತು. “ಏರುಬೀದಿ ಅಜ್ಜಿ ಒಬ್ರು ದಿನಾ ಬೆಳಿಗ್ಗೆ ಫೋನ್ ಮಾಡೋರು. ‘ಆಯ್ತಜ್ಜಿ, ಹೇಳ್ತೀನಿ’ ಅಂತಿದ್ದೆ. ಇನ್ನೇನ್ ಹೇಳ್ಲಿ? ರಿಸೀವರ್ ಇಟ್ಮೇಲೆ ನನಗೇ ಬೇಜಾರಾಗೋದು,” ಎನ್ನುತ್ತಾರೆ.

ಆಮೇಲೆ ಬಂದರು ತರಬೇತಿಯವರು. ಕೆಲಸವನ್ನು ಚೀಟಿ ಚೀಟಿಯಾಗಿ ಒಡೆದು, ದಿನಾ ನಿಂತೇ ಮಾತಾಡಿ, ಬೇಗ ಮುಗಿಸುವ ಪದ್ಧತಿ, ಹೆಸರು ಅಜೈಲ್ ಎಂದರು. ಕಿವಿ ಸ್ವಲ್ಪ ಮಂದವಾಗಿರುವ ಹಿರಿಯ ಫಿಟ್ಟರ್ ಗಾಬರಿಬಿದ್ದು, “ಜೈಲಾ? ನಾವೇನ್ ತಪ್ಪು ಮಾಡಿದ್ವಿ?” ಎಂದು ಕೇಳಿಯೇಬಿಟ್ಟರು.

“ಜೈಲಲ್ಲ ಅಣ್ಣ, ಅ-ಜೈಲು! ನ್ಯಾಯ, ಅನ್ಯಾಯ ಇದ್ದಂಗೆ. ಬಿಡುಗಡೆ ಆಯ್ತು ಅಂದ್ಕೊಳ್ಳಿ,” ಎಂದರಂತೆ ಫೋನಕ್ಕ. ಅಷ್ಟು ಅರ್ಥ ಮಾಡಿಕೊಂಡಿದ್ದೇ ತಪ್ಪಾಯಿತು. ತರಬೇತಿಯವರು ಬಣ್ಣದ ಚೀಟಿ ಹಂಚಿ ಹೊರಟುಹೋದರು, ಸಭೆ ನಡೆಸುವ ಕೆಲಸ ಇವರ ಕೊರಳಿಗೆ ಬಿತ್ತು.

ಮೊದಲ ವಾರವೇ ಎಡವಟ್ಟು. ಬೋರ್ಡಿನಲ್ಲಿ ಮೂರು ಮನೆ: ‘ಮಾಡಬೇಕು’, ‘ಮಾಡ್ತಿದೀವಿ’, ‘ಆಯ್ತು’. “ಶಾಲೆ ಬೀದಿ ಪೈಪು?” ಎಂದು ಇವರು ಕೇಳಿದರೆ “ಆಯ್ತಕ್ಕ,” ಎನ್ನುತ್ತಿದ್ದರು ಫಿಟ್ಟರುಗಳು. ಸರಿ, ನೋಡ್ತೀನಿ ಎಂದು ಅವರ ಅರ್ಥ. ಕೆಲಸ ಮುಗಿಯಿತು ಎಂದು ಇವರ ಅರ್ಥ. ಚೀಟಿ ಟಣ್ಣನೆ ಕೊನೆಯ ಮನೆಗೆ! ವಾರದ ಕೊನೆಗೆ ಊರಿನ ಪೈಪುಗಳೆಲ್ಲ ಬೋರ್ಡಿನ ಮೇಲೆ ರಿಪೇರಿಯಾಗಿದ್ದವು. ಸಾಹೇಬರು ಶಭಾಷ್ ಎಂದರು. ಮರುದಿನ ಫೋನು ಬಾಯಿ ಮುಚ್ಚಲಿಲ್ಲ.

“ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು,” ಎಂದು ಈಗ ನಗುತ್ತಾರೆ. ಅವತ್ತೇ ‘ಆಯ್ತು’ ಎಂಬುದನ್ನು ಅಂಗೈಯಿಂದ ಒರೆಸಿ ‘ನೀರು ಬಂತು’ ಎಂದು ಬರೆದರು. ನಲ್ಲಿಯ ಮುಂದೆ ನಿಂತವರು ಆ ಮಾತು ಹೇಳುವ ತನಕ ಚೀಟಿ ಜಗ್ಗುವಂತಿಲ್ಲ.

ಅಗೋ, ದೊಡ್ಡ ಸಾಹೇಬರು ಬಂದರು. ಕಣ್ಣು ಕುರ್ಚಿ ಹುಡುಕಿತು, ಸಿಗಲಿಲ್ಲ, ನಿಂತರು.

“ಏರುಬೀದಿಗೆ ಅಡ್ಡ ಬಂದಿರೋದೇನು?” ಫೋನಕ್ಕ ಕೇಳುತ್ತಾರೆ.

“ವಾಲ್ವು. ಸ್ಟೋರಲ್ಲಿದೆ. ಸಹಿ ಆಗಿಲ್ಲ,” ಹಿರಿಯ ಫಿಟ್ಟರ್ ನೆಲ ನೋಡುತ್ತಾರೆ.

ಸಹಿ ಯಾರದ್ದೆಂದು ಎಲ್ಲರಿಗೂ ಗೊತ್ತು. ಸಾಹೇಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. “ವಾಲ್ವು ತಾನೆ? ಆಯ್ತು, ಆಯ್ತು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಫೋನಕ್ಕ ಏರುಬೀದಿಯ ಚೀಟಿಯ ಮೇಲೆ ಬೆರಳಿಟ್ಟರು. ಕೇಳಲೋ ಬೇಡವೋ?

“ಯಾವ ಆಯ್ತು ಸಾರ್?”

ಸಾಹೇಬರ ಮುಖ ಗಂಟಿಕ್ಕಿತು. ಬೋರ್ಡು ನೋಡಿದರು, ಅಳಿಸಿದ ಜಾಗದ ಮಸುಕು ನೋಡಿದರು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಹಿರಿಯ ಫಿಟ್ಟರ್ ಚಾಚಿದ ಸ್ಟೋರಿನ ಕಾಗದಕ್ಕೆ ಅವರ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಗೀಚಿದರು. “ಈ ಆಯ್ತು. ಓಡಿ!”

ವಾಲ್ವು ಹೊತ್ತ ಗಾಡಿ ಧೂಳೆಬ್ಬಿಸಿಕೊಂಡು ಹೊರಟಿತು. ಸಾಹೇಬರು ಆಫೀಸಿಗೆ ಹೋಗಲಿಲ್ಲ, ಗೋಡೆಗೆ ಒರಗಿ ಅಲ್ಲೇ ನಿಂತರು. ಬಿಸಿಲು ಶೆಡ್ಡಿನೊಳಗೆ ಕಾಲಿಟ್ಟ ಹೊತ್ತಿಗೆ ಮೂಲೆಯ ಫೋನು ಬಡಿದುಕೊಂಡಿತು. ಫೋನಕ್ಕ ಎತ್ತಿ, ಎಲ್ಲರಿಗೂ ಕೇಳಲೆಂದು ರಿಸೀವರನ್ನು ಎತ್ತರಕ್ಕೆ ಹಿಡಿದರು. ಮೊದಲು ಖಾಲಿ ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಸದ್ದು. ಆಮೇಲೆ ಅದೇ ಅಜ್ಜಿಯ ದನಿ: “ಬಂತು ಕಣೇ! ನೀರು ಬಂತು!”

ಶೆಡ್ಡಿನಲ್ಲಿ ಉಳಿದ ಫಿಟ್ಟರುಗಳು ಸ್ಪ್ಯಾನರಿನಿಂದ ಕಂಬ ಬಾರಿಸುತ್ತಿದ್ದಾರೆ. ಚೀಟಿ ಕಿತ್ತು ಕೊನೆಯ ಮನೆಗೆ ಅಂಟಿಸಿದವರು ಸಾಹೇಬರೇ. “ಬೋರ್ಡು ಇಲ್ಲೇ ಇರ್ಲಿ. ಸ್ಟೋರಿಗೂ ಒಂದು ಬೇಕು,” ಎಂದರು. ಯಾವ ‘ಇರ್ಲಿ’ ಎಂದು ಯಾರೂ ಕೇಳಲಿಲ್ಲ.

ರಿಸೀವರ್ ಇನ್ನೂ ಫೋನಕ್ಕನ ಕೈಯಲ್ಲೇ ಇದೆ, ಅತ್ತ ಬಕೆಟ್ಟು ತುಂಬುತ್ತಿದೆ. ಅದನ್ನು ಕಿವಿಗೆ ಒತ್ತಿಕೊಂಡು ಮೆಲ್ಲಗೆ ಹೇಳುತ್ತಾರೆ:

“ಆಯ್ತಜ್ಜಿ. ಇವತ್ತು ನಿಜವಾಗ್ಲೂ ಆಯ್ತು.”