ನೇರಳೆ ಮೆಣಸಿನಕಾಯಿ

ಬೆಳಕು ಸುಳ್ಳು ಹೇಳುವುದಿಲ್ಲ. ಆದ್ದರಿಂದ ಬೆಳಕನ್ನೇ ನಂಬಿ ಬದುಕುವ ಫೋಟೋಗ್ರಾಫರ್ ಸತ್ಯದ ಸೇವಕ. ಈ ಘನವಾದ ಮಾತನ್ನು ಬ್ಯಾಡಗಿಯ ನನ್ನ ಸ್ಟುಡಿಯೋದಲ್ಲಿ ಕೂತು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದ ನಾನೇ ಒಂದು ಫೋಟೋ ತೆಗೆದು ಗೆಳೆಯನ ಅಂಗಡಿ ಮುಚ್ಚಿಸಿದೆ. ಕೈತಪ್ಪಿ ಆದದ್ದಲ್ಲ ಅದು — ತಿಳಿದು, ಯೋಚಿಸಿ, ತಯಾರಿ ನಡೆಸಿ ಮಾಡಿದ್ದು.

ಗೆಳೆಯನ ಹೆಸರು ಇಮಾಮಸಾಬ. ಅವನ ಸ್ಟುಡಿಯೋ ರಾಣೆಬೆನ್ನೂರಿನಲ್ಲಿತ್ತು. ಇಬ್ಬರದೂ ಒಂದೇ ಕಂಪನಿಯ ಫಿಲ್ಮ್ ಕ್ಯಾಮೆರಾ. ಒಂದು ಕಂಪನಿಯ ಲೆನ್ಸು ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಕೂಡುವುದಿಲ್ಲ. ಈ ವಿಷಯದಲ್ಲಿ ಕ್ಯಾಮೆರಾಗಳು ನಮ್ಮ ಬೀಗರಿಗಿಂತ ಕಟ್ಟುನಿಟ್ಟು. ನಮ್ಮವು ಕೂಡುತ್ತಿದ್ದವು. ಹಾಗಾಗಿ ದೂರದ್ದನ್ನು ಹತ್ತಿರ ತರುವ ಲೆನ್ಸು ನಾನು ಕೊಂಡರೆ, ಇಡೀ ಹಂದರ ಹಿಡಿಸುವ ಅಗಲದ ಲೆನ್ಸು ಅವನು ಕೊಂಡ. ಮದುವೆಯ ದಿನಗಳಲ್ಲಿ ಒಂದು ಖಾಕಿ ಚೀಲ ಬಸ್ ಕಂಡಕ್ಟರರ ಕೈಯಲ್ಲಿ ಎರಡೂ ಊರುಗಳ ನಡುವೆ ಓಡಾಡುತ್ತಿತ್ತು. ಚೀಲದಲ್ಲಿ ಅವನದೊಂದು ಚೀಟಿ ಇರುತ್ತಿತ್ತು: "ಬಸಣ್ಣ, ಲಗೂ ಕಳಸು. ನಾಳೆ ಗುತ್ತಲದಾಗ ಮದುವಿ ಐತಿ. ತಡಾ ಮಾಡಿದ್ರ ಮದುಮಗನ್ನ ನಿನ್ನ ಮನೀಗೇ ಕಳಸ್ತೇನಿ, ನೀನ ಸಂಭಾಳಸು."

ಆಮೇಲೆ ಡಿಜಿಟಲ್ ಬಂತು. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಬೇರೆ ಕಂಪನಿಯ ಕ್ಯಾಮೆರಾ ಒಂದನ್ನು, "ಒಂದು ವಾರ ಇಟ್ಟುಕೊಂಡು ನೋಡ್ರಿ" ಎಂದು ಕೊಟ್ಟ. ಫಿಲ್ಮ್ ಬೇಡ, ತೊಳೆಯುವುದು ಬೇಡ, ತೆಗೆದ ಕ್ಷಣವೇ ಅದರ ಬೆನ್ನ ಮೇಲೆ ಚಿತ್ರ. ಐವತ್ತರ ಹತ್ತಿರ ಬಂದಿದ್ದ ನನಗೆ ಆಟಿಕೆ ಕಂಡ ಕೂಸಿನ ಹಾಗೆ ಅದು ಬೇಕೇ ಬೇಕು ಎನಿಸಿತು. ಕೊಳ್ಳಬೇಕಾದರೆ ಹಳೆಯ ಎರಡು ಕ್ಯಾಮೆರಾ, ಲೆನ್ಸು, ಎಲ್ಲ ಮಾರಬೇಕು. ಅವನ್ನು ಕೊಳ್ಳುವವನು ಈ ಸೀಮೆಯಲ್ಲಿ ಒಬ್ಬನೇ. ಆ ಒಬ್ಬ ಅದೇ ವಾರ ಚೀಲದಲ್ಲಿ ಚೀಟಿ ಕಳಿಸಿದ: "ಡಿಜಿಟಲ್ ತಗೋಬೇಕಂತ ರೊಕ್ಕಾ ಕೂಡಿಸಿಟ್ಟೇನಿ. ತಗೊಳ್ಳೋದೋ ಬ್ಯಾಡೋ, ನೀನ ಹೇಳಬೇಕು. ಐತವಾರ ಬರ್ತೇನಿ."

ನೀನೇ ಹೇಳಬೇಕು — ಅಂದ. ನನಗೆ.

ನಾನು ಮಾರುಕಟ್ಟೆಯ ಅಂಗಳಕ್ಕೆ ಹೋಗಿ ಒಂದೇ ಮೆಣಸಿನಕಾಯಿ ರಾಶಿಯನ್ನು ಒಂದೇ ಬಿಸಿಲಿನಲ್ಲಿ ಫಿಲ್ಮ್, ಡಿಜಿಟಲ್ ಎರಡೂ ಕ್ಯಾಮೆರಾಗಳಿಂದ ತೆಗೆದೆ. ಡಿಜಿಟಲ್ ಕ್ಯಾಮೆರಾದಲ್ಲಿ ಬಿಸಿಲಿಗೊಂದು ಗುರುತು, ಮನೆಯ ಬಲ್ಬಿನ ಬೆಳಕಿಗೊಂದು ಗುರುತು ಇರುತ್ತದೆ. ಬಿಸಿಲಿನಲ್ಲಿ ನಿಂತು ಬಲ್ಬಿನ ಗುರುತಿಗೆ ತಿರುಗಿಸಿದರೆ ಚಿತ್ರಕ್ಕೆಲ್ಲ ನೀಲಿ ಕಲಸಿದಂತೆ ಬರುತ್ತದೆ. ನಾನು ತಿರುಗಿಸಿದೆ. ಪ್ರಿಂಟಿಗೆ ಕಳಿಸುವಾಗ ಲ್ಯಾಬಿನವರಿಗೆ "ಬಣ್ಣ ತಿದ್ದಬೇಡಿ" ಎಂದು ಬರೆದೂ ಕೊಟ್ಟೆ. ಅಷ್ಟು ಅಚ್ಚುಕಟ್ಟಾಗಿ ನಾನು ಯಾರ ಮದುವೆಯ ಕೆಲಸವನ್ನೂ ಮಾಡಿಲ್ಲ.

ಭಾನುವಾರ ಇಮಾಮಸಾಬ ಬಂದ. ಎರಡೂ ಫೋಟೋಗಳನ್ನು ಅವನ ಮುಂದೆ ಇಟ್ಟೆ.

"ಏನೋ ಇದು ಬಸಣ್ಣ! ಬ್ಯಾಡಗಿ ಮೆಣಸಿನಕಾಯಿ ಹೋಗಿ ಬದನೀಕಾಯಿ ಆಗೇತಲ್ಲೋ!"

"ನಾ ಏನೂ ಹೇಳಂಗಿಲ್ಲಪಾ. ನಿನ್ನ ಕಣ್ಣಿಲೆ ನೀನ ನೋಡು."

"ನೋಡೂದೇನ ಬಂತು. ಮದುಮಗಳ ಸೀರಿ ಹಿಂಗ ಬಂತಂದ್ರ ಬೀಗರು ನನ್ನ ಹಂದರದಾಗ ಹುಗದ ಬಿಡ್ತಾರ."

ಗಮನಿಸಬೇಕು — ನಾನು ಒಂದೂ ಸುಳ್ಳು ಮಾತಾಡಲಿಲ್ಲ. ಹಾವೇರಿಯ ಯಾವ ಕೋರ್ಟೂ ನನ್ನನ್ನು ಹಿಡಿಯುವಂತಿರಲಿಲ್ಲ. ಈ ಸಮಾಧಾನದಲ್ಲಿ ಕೆಲವು ವರ್ಷ ಊಟ ಸೇರಿತು, ನಿದ್ದೆಯೂ ಬಂತು. ಅವನು ಡಿಜಿಟಲ್ಲಿಗೆಂದು ಕೂಡಿಸಿದ ಹಣವನ್ನು ನನ್ನ ಹಳೆಯ ಸಾಮಾನಿಗೆ ಕೊಟ್ಟು, ಖಾಕಿ ಚೀಲದ ತುಂಬ ಲೆನ್ಸು, ಜೊತೆಗೆ ಆ ಎರಡೂ ಫೋಟೋ ಹೊತ್ತುಕೊಂಡು ಖುಷಿಯಿಂದ ಹೋದ. ಆ ಹಣದಿಂದ ನಾನು ಡಿಜಿಟಲ್ ಕೊಂಡೆ.

ಒಂದು ತಿಂಗಳಿಗೆ ನನ್ನ ಸ್ಟುಡಿಯೋದ ಮೇಲೆ 'ಡಿಜಿಟಲ್' ಎಂದಿದ್ದ ಹೊಸ ಬೋರ್ಡು ನೋಡಿದ. ಗಿರಾಕಿಗಳ ಕಾಟ, ಏನು ಮಾಡೋದು ಎಂದೆ. ಅವನು ಜಗಳ ಮಾಡಬೇಕಿತ್ತು; ಕನಿಕರಪಟ್ಟ. "ಪಾಪ, ಬದನೀಕಾಯಿ ಡಬ್ಬಿ ಗಂಟ ಬಿತ್ತಲ್ಲೋ ನಿನಗ. ದೊಡ್ಡ ಮದುವಿ ಬಂದ್ರ ಹೇಳು, ನಿನ್ನ ಲೆನ್ಸ್ ಕಳಸ್ತೇನಿ." ಆ ಲೆನ್ಸು ನನ್ನ ಹೊಸ ಕ್ಯಾಮೆರಾಕ್ಕೆ ಕೂಡುವುದಿಲ್ಲ ಎನ್ನುವುದನ್ನೂ ಕನಿಕರದಲ್ಲಿ ಮರೆತಿದ್ದ. "ಚೀಲ ಇಲ್ಲೇನ್ರಿ?" ಎಂದು ಕಂಡಕ್ಟರ್ ಕೆಲವು ದಿನ ಕೇಳಿದ, ಆಮೇಲೆ ಬಿಟ್ಟ.

ವರ್ಷ ತುಂಬುವುದರೊಳಗೆ ನಮ್ಮ ಹಳೆಯ ಕಂಪನಿಯೇ ಡಿಜಿಟಲ್ ಕ್ಯಾಮೆರಾ ತಂದಿತು. ಆ ಲೆನ್ಸುಗಳೆಲ್ಲ ಅದಕ್ಕೆ ಸರಿಯಾಗಿ ಕೂಡುತ್ತಿದ್ದವು. ಅಂದರೆ ನಾನು ಏನನ್ನೂ ಮಾರಬೇಕಿರಲಿಲ್ಲ. ಒಂದು ವರ್ಷ ಸುಮ್ಮನಿದ್ದಿದ್ದರೆ ಸಾಕಿತ್ತು. ಇಮಾಮಸಾಬನಿಗೂ ದಾರಿ ತೆರೆದಿತ್ತು. "ತಗೋ" ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಹಾಗೆಂದರೆ ಅವನು, ಮತ್ತೆ ಆ ಮೆಣಸಿನಕಾಯಿ ಯಾಕ ಹಂಗ ಬಂದಿತ್ತು, ಎಂದು ಕೇಳುತ್ತಿದ್ದ. ಆದ್ದರಿಂದ —

ಹೇಳಲಿಲ್ಲ.

ಹಲಗೇರಿಯ ಯಜಮಾನರೊಬ್ಬರು ಮಗಳ ಮದುವೆಗೆ ನನ್ನನ್ನು ಗೊತ್ತು ಮಾಡಲು ಬ್ಯಾಡಗಿಗೆ ಬಂದರು. ರಾಣೆಬೆನ್ನೂರು ಕಾಲ ಬುಡದಲ್ಲಿರುವಾಗ ಇಲ್ಲಿಯವರೆಗೆ ಯಾಕೆ ಬಂದಿರಿ ಎಂದೆ.

"ಅಲ್ಲಿ ಇಮಾಮಸಾಬರ ಹತ್ರ ಹೋಗಿದ್ದೆರಿ. ಡಿಜಿಟಲ್ ಬೇಕು, ಸೀಡಿ ಬೇಕು ಅಂದೆ. ಕೌಂಟರಿನ ಗಾಜಿನ ಕೆಳಗ ಎರಡ ಮೆಣಸಿನಕಾಯಿ ಫೋಟೋ ಇಟ್ಟಾರ. ಮದುವಿ ಫೋಟೋ ಕೇಳಾಕ ಹೋದವ್ರಿಗೆ ಮೆಣಸಿನಕಾಯಿ ತೋರಸ್ತಾರ್ರಿ! ತಲಿ ನೆಟ್ಟಗ ಐತೋ ಇಲ್ಲೋ ಮನಷ್ಯಾಂದು?"

ಅವರು ನಕ್ಕರು. ನಾನೂ ನಕ್ಕೆ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಸುಡುವುದು ಆ ನಗು. ಫೋಟೋ ತೆಗೆದದ್ದು ಆಸೆಯಿಂದ, ಬಾಯಿ ಮುಚ್ಚಿದ್ದು ಹೆದರಿಕೆಯಿಂದ — ನಕ್ಕದ್ದು ಯಾತರಿಂದ? ಹಲಗೇರಿಯ ಮದುವೆಯನ್ನು ನಾನೇ ತೆಗೆದೆ. ಸೀರೆಯ ಕೆಂಪು ಬಹಳ ಚೆನ್ನಾಗಿ ಬಂತು.

ಮೂರನೆಯ ವರ್ಷ ಅವನು ಸ್ಟುಡಿಯೋ ಖಾಲಿ ಮಾಡಿದ. ಸುದ್ದಿ ತಿಳಿದು ಹೋದೆ. ಗಾಜು ಎತ್ತಿ ಎರಡೂ ಫೋಟೋ ತೆಗೆದು ನನ್ನ ಕೈಗಿಟ್ಟ. "ಇವ ನಿನ್ನವ, ತಗೋ. ನೀ ತೋರಿಸಿದ್ದು ಖರೇ ಇತ್ತು ಬಸಣ್ಣ. ಈ ಮಂದಿಗೇ ಕಣ್ಣಿಲ್ಲ." ಆಗಲಾದರೂ ಹೇಳಬೇಕಿತ್ತು. "ನಡಿ, ಚಾ ಕುಡಿಯೋಣು" ಎಂದೆ. ಚಹದ ದುಡ್ಡನ್ನೂ ಅವನೇ ಕೊಟ್ಟ.

ಕ್ಯಾಮೆರಾ ಬದಲಿಸಿದರೆ ಲಾಭವೇ ಎಂದು ಈಗಲೂ ಕಸುಬಿನವರು ನನ್ನನ್ನು ಕೇಳುತ್ತಾರೆ. ಅನುಭವಿ ಎಂದು ನನಗೆ ಹೆಸರಿದೆ. ನಾನು ಕೊಂಡದ್ದು ನಾಲ್ಕನೆಯ ಮಳೆಗಾಲಕ್ಕೆ ಕೆಟ್ಟು ನಿಂತಿತು. ಅದರ ಬಿಡಿಭಾಗ ಈಗ ಬರುವುದಿಲ್ಲ ಎಂದು ರಿಪೇರಿಯವನು ಕೈ ಎತ್ತಿದ. ಇಮಾಮಸಾಬನ ಸ್ಟುಡಿಯೋ ಇದ್ದಲ್ಲಿ ಈಗ ಬೀಜದ ಅಂಗಡಿ. ಅವನು ಹಾವೇರಿಯಲ್ಲಿ, ಕಚೇರಿಗಳ ಎದುರಿನ ಸಾಲಿನಲ್ಲಿ, ಝೆರಾಕ್ಸ್ ಮತ್ತು ಲ್ಯಾಮಿನೇಷನ್ ಮಷೀನಿನ ಮುಂದೆ ಕೂರುತ್ತಾನೆ.

ಇಷ್ಟನ್ನು ಬರೆದು ಮುಗಿಸುವ ಮೊದಲು ಅಲ್ಲಿಗೆ ಹೋದೆ. ಓದುವವರಿಗೆ ಮೊದಲು ಹೇಳಿ ಅವನಿಗೆ ಆಮೇಲೆ ಹೇಳುವುದು ಇನ್ನೊಂದು ಮೋಸವಾಗುತ್ತಿತ್ತು. ಎರಡೂ ಫೋಟೋಗಳನ್ನು ಮೇಜಿನ ಮೇಲಿಟ್ಟು ಬಲ್ಬಿನ ಗುರುತಿನ ಸಂಗತಿ, ಲ್ಯಾಬಿನ ಚೀಟಿ, ಹಲಗೇರಿಯವರ ಮುಂದೆ ನಕ್ಕದ್ದು, ಎಲ್ಲ ಹೇಳಿದೆ. ನೇರಳೆ ರಾಶಿಯನ್ನು ಅವನು ಬಹಳ ಹೊತ್ತು ನೋಡಿದ. ನನ್ನ ಹಿಂದೆ ರೇಷನ್ ಕಾರ್ಡು ಹಿಡಿದುಕೊಂಡ ಹೆಂಗಸೊಬ್ಬಳು ನಿಂತಿದ್ದಳು.

"ಒಂದ ಮಾಡಲ್ಯೋ, ಎರಡೂ ಮಾಡಲ್ಯೋ?" ಎಂದ ಇಮಾಮಸಾಬ, ನನ್ನ ಮುಖ ನೋಡದೆ.

ಅವನು ಎರಡನ್ನೂ ಲ್ಯಾಮಿನೇಷನ್ ಮಾಡಿ, ದುಡ್ಡು ತೆಗೆದುಕೊಂಡು, ಹೆಂಗಸಿನ ರೇಷನ್ ಕಾರ್ಡಿಗೆ ಕೈ ಚಾಚಿದ.